ಮೂರು ಫಾರಮಿನ ಕಾವ್ಯ

ಡೆಮಿ 1/8 ಅಳತೆಯಲ್ಲಿ ಒಂದು ಫಾರಂ ಎಂದರೆ 16 ಪುಟ. ಮೂರು ಫಾರಂ ಸೇರಿದರೆ 48. ಒಂದರೊಳಗೊಂದು ಕೂರಿಸಿ, ಮೇಲೆ ದಪ್ಪ ಹಾಳೆಯ ರಕ್ಷಾಪುಟ ಹೊದಿಸಿ, ಮಡಿಕೆಯ ಮೇಲೆ ಎರಡು ಪಿನ್ನು ಹೊಡೆದು, ಮೂರು ಬದಿ ಕಟಿಂಗ್ ಮಾಡಿದರೆ ಸುಮಾರು 70 ಗ್ರಾಂ ತೂಗುವ ಕವಿತೆಯ ಪುಸ್ತಕ ಸಿದ್ಧ. ಅದು ಪುಸ್ತಕ ಹೌದೋ ಅಲ್ಲವೋ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. 1964ರಲ್ಲಿ ಯುನೆಸ್ಕೋ ಅಂಕಿಅಂಶದ ಅನುಕೂಲಕ್ಕೆಂದು ಒಂದು ಗೆರೆ ಎಳೆಯಿತು: ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟವಿದ್ದರೆ ಪುಸ್ತಕ, 5ರಿಂದ 48 ಪುಟದವರೆಗಾದರೆ ಕಿರುಹೊತ್ತಿಗೆ. ಮೂರು ಫಾರಮಿನ ಕವಿ ಸರಿಯಾಗಿ ಒಂದು ಪುಟದಿಂದ ಸೋತ. ನಮ್ಮ ದೇಶದ ಕಾನೂನು ಅಷ್ಟು ಜಿಪುಣ ಅಲ್ಲ. ಅಚ್ಚಾದ ಪುಸ್ತಕವನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆನ್ನುವ 1954ರ ಕಾಯ್ದೆ ಕಿರುಹೊತ್ತಿಗೆಯನ್ನೂ ಪುಸ್ತಕವೆಂದೇ ಲೆಕ್ಕ ಹಿಡಿಯುತ್ತದೆ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ 30 ದಿನದೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಪ್ರತಿ ಕಳಿಸಬೇಕು ಎನ್ನುತ್ತದೆ. ಎಷ್ಟು ಮಂದಿ ಕಳಿಸುತ್ತಾರೆ ಎಂದು ಮಾತ್ರ ಕೇಳಬೇಡಿ.

ಈ ತೆಳ್ಳನೆಯ ಪುಸ್ತಕಕ್ಕೆ ಕನ್ನಡದಲ್ಲಿ ಈಗ ಹೆಚ್ಚು ಮರ್ಯಾದೆಯಿಲ್ಲ. ಚೊಚ್ಚಲ ಸಂಕಲನ ತರಲು ಹೊರಟವರ ಹಸ್ತಪ್ರತಿಯನ್ನು ತೆರೆದರೆ ಕಾಲೇಜಿನ ದಿನಗಳಿಂದ ಮೊನ್ನೆಯ ಯುಗಾದಿ ಕವಿಗೋಷ್ಠಿಯವರೆಗೆ ಬರೆದದ್ದೆಲ್ಲ ಅದರಲ್ಲಿರುತ್ತದೆ. ಅವ್ವನ ಮೇಲೊಂದು, ಕನ್ನಡದ ಮೇಲೊಂದು, ಕೊರೊನಾ ಕಾಲದ ಮೂರು ನಾಲ್ಕು, ಗಜಲುಗಳು ಒಂದಿಷ್ಟು, ಜಾಗ ಉಳಿದಲ್ಲೆಲ್ಲ ಹಾಯ್ಕು. ಕವಿತೆಗಳು 80, ಪುಟಗಳು 120, ಒಬ್ಬ ಹಿರಿಯರ ಮುನ್ನುಡಿ, ಇನ್ನೊಬ್ಬ ಹಿರಿಯರ ಬೆನ್ನುಡಿ. ಇದಕ್ಕೆ ಕವಿಯ ಆಸೆಯನ್ನೊಂದೇ ದೂರುವುದು ಅನ್ಯಾಯ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ತೀರ್ಮಾನವಾಗುವುದು ಪುಟದ ಲೆಕ್ಕದಲ್ಲಿ. ಪುಟಕ್ಕೆ ಇಷ್ಟು ಪೈಸೆ ಎಂದಾದ ಮೇಲೆ ಆ ಪುಟದಲ್ಲಿ ಎಂಟು ಸಾಲಿನ ಪದ್ಯವಿದೆಯೋ ಕಿಕ್ಕಿರಿದ ಗದ್ಯವಿದೆಯೋ ಯಾರು ನೋಡುತ್ತಾರೆ? ತೆಳು ಪುಸ್ತಕ ಮಾಡಿದ ಪ್ರಕಾಶಕನಿಗೆ ಅಲ್ಲಿ ಲಾಭವಿಲ್ಲ. ಹೀಗಾಗಿ ಆರಿಸಬೇಕಾದ ಹೊತ್ತಿನಲ್ಲಿ ನಾವು ತುಂಬಿಸುತ್ತಿದ್ದೇವೆ. ಕವಿತೆ ಬರೆಯುವ ಕಷ್ಟದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರಹಗಳಿವೆ. ಬರೆದ ಮೇಲೆ ಅವನ್ನು ಒಂದು ಪುಸ್ತಕವಾಗಿ ಕಟ್ಟುವುದೂ ಬೇರೆಯದೇ ಒಂದು ಕಸುಬು ಎಂಬ ಮಾತು ಅಷ್ಟಾಗಿ ಬಂದಿಲ್ಲ.

ತೆಳು ಪುಸ್ತಕ ನಮಗೆ ಹೊಸದೇನಲ್ಲ. ಇಂಗ್ಲಿಷಿನವರ ಚಾಪ್‌ಬುಕ್ಕು ಊರೂರು ಸುತ್ತುವ ವ್ಯಾಪಾರಿಗಳ ಗಂಟಿನಲ್ಲಿ ಬೆಳೆದಂತೆ ನಮ್ಮದು ಜಾತ್ರೆಯ ಅಂಗಡಿಗಳಲ್ಲಿ ಬೆಳೆಯಿತು. ಲಾವಣಿ, ಭಜನೆ, ತತ್ವಪದ, ಸೋಬಾನೆಯ ಹಾಡು, ಎಲ್ಲವೂ ಪಿನ್ನು ಹೊಡೆದ ಪುಸ್ತಿಕೆಗಳಾಗಿ ಬತ್ತಾಸು ಬಳೆಗಳ ಪಕ್ಕದಲ್ಲೇ ಮಾರಾಟವಾದವು. ಕರಾವಳಿಯ ಯಕ್ಷಗಾನ ಪ್ರಸಂಗಗಳನ್ನು ಉಡುಪಿಯ ಪಾವಂಜೆ ಗುರುರಾಯರು ಇಂಥ ಅಗ್ಗದ ಪುಸ್ತಕಗಳಾಗಿಯೇ ಭಾಗವತರ ಕೈಗೆ ಮುಟ್ಟಿಸಿದರು. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಸಿನಿಮಾ ಹಾಡಿನ ಪುಸ್ತಕವನ್ನು ನೆನಪಿಟ್ಟುಕೊಂಡವರು ಇನ್ನೂ ಇದ್ದಾರೆ. ಹೊಸ ಕಾವ್ಯವೂ ಈ ದಾರಿಯನ್ನು ಬಿಟ್ಟಿರಲಿಲ್ಲ. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಓದುವ ಕೋಣೆಗಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ, ದಲಿತ ಚಳವಳಿಯ ಸಭೆಗಳಲ್ಲಿ ಬದುಕಿತು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಚಿ. ಶ್ರೀನಿವಾಸರಾಜು ಅವರು ಎಪ್ಪತ್ತರ ದಶಕದಿಂದ ಹೊಸಬರ ಪುಸ್ತಕಗಳನ್ನು ಕಡಿಮೆ ಬೆಲೆಗೆ ತಂದರು; ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಕವಿತೆಯ ಸ್ಪರ್ಧೆ ನಡೆಸಿ, ಗೆದ್ದ ಕವಿತೆಗಳನ್ನೂ ಅಚ್ಚು ಹಾಕಿಸಿದರು. ಇವತ್ತು ದೊಡ್ಡ ಹೆಸರಾಗಿರುವ ಹಲವರು ತಮ್ಮ ಹೆಸರನ್ನು ಅಚ್ಚಿನಲ್ಲಿ ಮೊದಲು ಕಂಡದ್ದು ಅಲ್ಲಿ. ಕಾರ್ಕಳದ ಬಳಿಯ ಕಾಂತಾವರ ಕನ್ನಡ ಸಂಘ ಮುದ್ದಣನ ಹೆಸರಿನ ಕಾವ್ಯ ಪ್ರಶಸ್ತಿಯನ್ನು ಅಚ್ಚಾದ ಪುಸ್ತಕಕ್ಕಲ್ಲದೆ ಹಸ್ತಪ್ರತಿಗೆ ಕೊಡುತ್ತ ಬಂದಿದೆ. ಅಂದರೆ ಕವಿ ತನ್ನ ಪುಸ್ತಕವನ್ನು ಹೇಗೆ ಜೋಡಿಸಿದ್ದಾನೆ ಎಂಬುದನ್ನೂ ಪ್ರೆಸ್ಸಿಗೆ ಹೋಗುವ ಮುಂಚೆಯೇ ಯಾರೋ ಕೂತು ಓದುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಪ್ರಶಸ್ತಿಯ ಮೊತ್ತಕ್ಕಿಂತ ದೊಡ್ಡ ಲಾಭ.

ಸಂಖ್ಯೆಯ ಮಾತಿಗೆ ಬಂದರೆ, ಟಿ.ಎಸ್. ಎಲಿಯಟ್ 1917ರಲ್ಲಿ ಲಂಡನ್ನಿನಲ್ಲಿ ತಂದ ಮೊದಲ ಪುಸ್ತಕದಲ್ಲಿ ಇದ್ದದ್ದು 12 ಕವಿತೆ, 40 ಪುಟ. ಅಚ್ಚಾದದ್ದು 500 ಪ್ರತಿ. ವಾಲ್ಟ್ ವಿಟ್‌ಮನ್ 1855ರಲ್ಲಿ ತಾನೇ ದುಡ್ಡು ಹಾಕಿ ತಂದ ಸಂಕಲನದಲ್ಲೂ 12 ಕವಿತೆಗಳೇ. ಆಮೇಲೆ ಸಾಯುವವರೆಗೂ ಅದೇ ಪುಸ್ತಕಕ್ಕೆ ಸೇರಿಸುತ್ತ ಹೋದ ಎಂಬುದು ಬೇರೆ ಕತೆ. ಎ.ಕೆ. ರಾಮಾನುಜನ್ 1969ರ ‘ಹೊಕ್ಕುಳಲ್ಲಿ ಹೂವಿಲ್ಲ’ದಿಂದ 1990ರ ‘ಕುಂಟೋಬಿಲ್ಲೆ’ಯವರೆಗೆ ಕನ್ನಡಕ್ಕೆ ಕೊಟ್ಟದ್ದು ಮೂರೇ ಕವನ ಸಂಕಲನ. ಕನ್ನಡ ಕಾವ್ಯದ ಬಗ್ಗೆ ಮಾತಾಡುವವರು ಆ ಮೂರನ್ನೂ ದಾಟಿ ಹೋಗಲಾರರು.

ಹಾಗಾದರೆ 80 ಕವಿತೆಗಳಿಂದ ಮೂರು ಫಾರಮಿನಲ್ಲಿ ಹಿಡಿಸುವ 24ಕ್ಕೆ ಇಳಿಯುವುದು ಹೇಗೆ? ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಬಿಡುವುದು ಎಂಬ ಉತ್ತರ ಅರ್ಧ ಮಾತ್ರ ಸರಿ. ಕೆಟ್ಟ ಕವಿತೆಗಳನ್ನು ಬಿಡುವುದು ಸುಲಭ. ಅವು ಯಾವುವೆಂದು ಕವಿಗೆ ಒಳಗೊಳಗೇ ಗೊತ್ತಿರುತ್ತದೆ. ಕಷ್ಟವಿರುವುದು ಒಂದೇ ಕೆಲಸ ಮಾಡುವ ಎರಡು ಒಳ್ಳೆಯ ಕವಿತೆಗಳ ನಡುವೆ. ಅಜ್ಜಿಯ ಸಾವಿನ ಬಗ್ಗೆ ಎರಡಿದ್ದರೆ ಎರಡನೆಯದು ಮೊದಲನೆಯದರ ಬಲವನ್ನು ಕುಗ್ಗಿಸುತ್ತದೆ. ಪತ್ರಿಕೆಯಲ್ಲಿ ಬಿಡಿಯಾಗಿ ಬಂದಾಗ ಇದು ಯಾರಿಗೂ ತಿಳಿಯದು, ಏಕೆಂದರೆ ಎರಡರ ನಡುವೆ ಒಂದು ವರ್ಷದ ಅಂತರವಿತ್ತು. ಪುಸ್ತಕದಲ್ಲಿ ನಾಲ್ಕೇ ಹಾಳೆ. ಪದಗಳದೂ ಇದೇ ಪಾಡು. ಹಸ್ತಪ್ರತಿ ಯೂನಿಕೋಡಿನಲ್ಲಿದ್ದರೆ ಕಂಪ್ಯೂಟರಿನಲ್ಲಿ ‘ಮೌನ’ ಎಂದು ಹುಡುಕಿ ನೋಡಿ. ಆಮೇಲೆ ‘ಕನಸು’, ‘ನೆರಳು’, ‘ಕಿಟಕಿ’. ಬಂದ ಸಂಖ್ಯೆ ನೋಡಿ ನಾಚಿಕೊಳ್ಳದ ಕವಿಯನ್ನು ನಾನಂತೂ ಕಂಡಿಲ್ಲ. ಪ್ರಶಸ್ತಿ ಪಡೆದ ಕವಿತೆ, ದಸರಾ ಕವಿಗೋಷ್ಠಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ಕವಿತೆ, ವಿಶೇಷಾಂಕದಲ್ಲಿ ಬಣ್ಣದ ಚಿತ್ರದೊಂದಿಗೆ ಬಂದ ಕವಿತೆ, ಇವುಗಳಿಗೆ ಪುಸ್ತಕದಲ್ಲಿ ಮೀಸಲು ಸೀಟು ಕೊಡಬಾರದು. ವೇದಿಕೆಯ ಮೇಲೆ ಗೆದ್ದದ್ದು ಕವಿಯ ದನಿಯೂ ಆಗಿರಬಹುದು.

ಬಿಟ್ಟ ಕವಿತೆಗಳ ಬಗ್ಗೆ ಕೊರಗಬೇಕಾಗಿಲ್ಲ. ಬೇಂದ್ರೆಯವರಿಗೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಅರಳು ಮರಳು’ ಬಿಡಿಯಾದ ಒಂದು ಸಂಕಲನವಲ್ಲ. ‘ಸೂರ್ಯಪಾನ’, ‘ಹೃದಯಸಮುದ್ರ’, ‘ಮುಕ್ತಕಂಠ’, ‘ಚೈತ್ಯಾಲಯ’, ‘ಜೀವಲಹರಿ’ ಎಂಬ ಐದರ ಕಟ್ಟು. ದೊಡ್ಡ ಪುಸ್ತಕದೊಳಗೂ ಒಂದೊಂದಕ್ಕೆ ಅದರದೇ ಹೆಸರು ಉಳಿದಿದೆ. ಮೂರು ಫಾರಮಿನಲ್ಲಿ ಜಾಗ ಸಿಗದ್ದು ಮುಂದಿನ ಮೂರು ಫಾರಮಿಗೆ ಕಾಯಬಹುದು.

ಆಯ್ಕೆ ಮುಗಿದ ಮೇಲೆ ಬರುವುದು ಜೋಡಣೆ. ಇದರ ದೊಡ್ಡ ಗುರುಗಳು ನಮ್ಮಲ್ಲೇ ಇದ್ದಾರೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೂರು ಶತಮಾನ ಹಿಂದಿನ ಶರಣರ ವಚನಗಳನ್ನು ಎತ್ತಿಕೊಂಡು, ಅಲ್ಲಮನನ್ನು ನಡುವೆ ಕೂರಿಸಿ, ನಡುನಡುವೆ ಸ್ವಲ್ಪ ಗದ್ಯ ಬೆಸೆದು ‘ಶೂನ್ಯಸಂಪಾದನೆ’ ಕಟ್ಟಿದ. ವಚನಗಳು ಅವನವಲ್ಲ. ಯಾವ ವಚನದ ಮುಂದೆ ಯಾವುದು ಎಂಬುದಷ್ಟೇ ಅವನದು. ಆದರೆ ಬಿಡಿಬಿಡಿಯಾಗಿದ್ದ ಮಾತುಗಳು ಆ ಜೋಡಣೆಯಲ್ಲಿ ಪ್ರಶ್ನೆಯಾದವು, ಮರುಮಾತಾದವು, ಜಗಳವಾದವು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಕೈಹಾಕಿ ಸೇರಿಸಿದರು, ಹಿಂದುಮುಂದು ಮಾಡಿದರು. ಪ್ರತಿ ಸಲವೂ ಬೇರೆ ಕೃತಿಯೇ ಆಯಿತು. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನದು ಇನ್ನೊಂದು ದಾರಿ. ಅವನ ‘ಸೂಕ್ತಿಸುಧಾರ್ಣವ’ದಲ್ಲಿ ಹಳೆಯ ಕವಿಗಳ ಪದ್ಯಗಳು ಕಡಲು, ಬೆಟ್ಟ, ಸೂರ್ಯೋದಯ ಎಂಬಂತೆ ವರ್ಣನೆಯ ವಿಷಯಕ್ಕೆ ತಕ್ಕಂತೆ ಸಾಲುಗಟ್ಟಿ ನಿಂತಿವೆ. ಹುಡುಕುವವರಿಗೆ ಅನುಕೂಲ, ಓದುತ್ತ ಹೋಗುವವರಿಗೆ ಅಷ್ಟಕ್ಕಷ್ಟೆ. ಪ್ರಕೃತಿ, ಪ್ರೇಮ, ಸಮಾಜ ಎಂದು ಭಾಗ ಮಾಡಿಕೊಂಡು ಬರುವ ಇಂದಿನ ಸಂಕಲನಗಳು ತಿಳಿಯದೆಯೇ ಮಲ್ಲಿಕಾರ್ಜುನನ ಶಿಷ್ಯರು. ಒಬ್ಬನೇ ಕವಿಯ 24 ಕವಿತೆಗಳಿಗೆ ಮಹಾದೇವಯ್ಯನ ದಾರಿಯೇ ಸರಿ ಎಂದು ನನ್ನ ವಾದ.

ವಿಷಯವಾರು ವಿಂಗಡಣೆಯ ಹಾನಿ ಎಷ್ಟೆಂಬುದಕ್ಕೆ ಅಮೆರಿಕದ ಎಮಿಲಿ ಡಿಕಿನ್ಸನ್ ಸಾಕ್ಷಿ. ಆಮ್ಹರ್ಸ್ಟ್ ಊರಿನ ತನ್ನ ಮನೆಯಲ್ಲಿ ಆಕೆ 1858ರ ಸುಮಾರಿನಿಂದ ಕೆಲವು ವರ್ಷ ತನ್ನ ಕವಿತೆಗಳನ್ನು ಒಳ್ಳೆಯ ಕಾಗದಕ್ಕೆ ನಕಲು ಮಾಡಿ, ಹಾಳೆಗಳನ್ನು ಸೂಜಿ ದಾರದಿಂದ ಹೊಲಿದು 40 ಪುಟ್ಟ ಪುಸ್ತಕ ಮಾಡಿಟ್ಟಳು. ಅವುಗಳಲ್ಲಿ 800ಕ್ಕೂ ಹೆಚ್ಚು ಕವಿತೆಗಳು. 1886ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿಗೆ ಅವು ಸಿಕ್ಕವು. 1890ರಲ್ಲಿ ಆಯ್ದ ಕವಿತೆಗಳನ್ನು ಪ್ರಕಟಿಸಿದ ಸಂಪಾದಕರು ಬದುಕು, ಪ್ರೀತಿ, ಪ್ರಕೃತಿ, ಕಾಲ ಎಂದು ತಮ್ಮದೇ ಭಾಗ ಮಾಡಿದರು. ಹೊಲಿಗೆ ಬಿಚ್ಚಿಹೋಯಿತು, ಹಾಳೆಗಳು ಹಿಂದುಮುಂದಾದವು. ಆರ್.ಡಬ್ಲ್ಯೂ. ಫ್ರಾಂಕ್ಲಿನ್ ಎಂಬ ವಿದ್ವಾಂಸ ಸೂಜಿಯ ತೂತು, ಕಾಗದದ ಕಲೆ, ಮಡಿಕೆಗಳನ್ನು ಒಂದಕ್ಕೊಂದು ಹೊಂದಿಸಿ ಆಕೆಯ ಮೂಲ ಅನುಕ್ರಮವನ್ನು ಮತ್ತೆ ಅಚ್ಚಿಗೆ ತಂದದ್ದು 1981ರಲ್ಲಿ. ಕವಿಯೇ ಕೂತು ಮಾಡಿದ ಜೋಡಣೆ ಓದುಗರಿಗೆ ಸಿಗಲು 90 ವರ್ಷ ಬೇಕಾಯಿತು.

ಆಕೆ ಮಾಡಿದ್ದನ್ನೇ ನೀವೂ ಮಾಡಬಹುದು. ಅಂಗಡಿಯ ಎ4 ಹಾಳೆ 12 ತೆಗೆದುಕೊಂಡು ನಡುವೆ ಮಡಚಿ ಒಂದರೊಳಗೊಂದು ಸೇರಿಸಿದರೆ 48 ಪುಟದ ಡಮ್ಮಿ ಸಿಗುತ್ತದೆ. ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ. ಈಗ ಹಾಳೆ ಬಿಡಿಸಿ ನೋಡಿದರೆ 1ನೇ ಪುಟದ ಪಕ್ಕದಲ್ಲಿ 48, 2ರ ಪಕ್ಕದಲ್ಲಿ 47. ಎಲ್ಲ ಜೋಡಿಯ ಮೊತ್ತವೂ 49. ಪ್ರೆಸ್ಸಿನವರು ಪುಟ ಕೂರಿಸುವ ಮೂಲಲೆಕ್ಕ ಇಷ್ಟೇ. ಮೊದಲ ನಾಲ್ಕು ಪುಟಗಳನ್ನು ಶೀರ್ಷಿಕೆ, ಪ್ರಕಟಣೆಯ ವಿವರ, ಅರ್ಪಣೆಯೊಂದಿಗೆ ನಾಲ್ಕು ಸಾಲಿನ ಅರಿಕೆ, ಪರಿವಿಡಿ ಇವಕ್ಕೆ ಬಿಟ್ಟರೆ ಕವಿತೆಗೆ 44 ಪುಟ ಉಳಿಯುತ್ತವೆ. ಒಂದು ಪುಟದವು ಎಂಟು, ಎರಡು ಪುಟದವು ಹದಿನಾಲ್ಕು, ನಾಲ್ಕು ಪುಟದ ನೀಳ್ಗವಿತೆ ಎರಡು, ಅಲ್ಲಿಗೆ 24 ಕವಿತೆ.

ನಿಜವಾದ ಆಟ ಇಲ್ಲಿಂದ ಶುರು. ಸಮಸಂಖ್ಯೆಯ ಪುಟ ಎಡಕ್ಕೆ, ಬೆಸಸಂಖ್ಯೆ ಬಲಕ್ಕೆ. ಎರಡು ಪುಟದ ಕವಿತೆ ಎಡದಲ್ಲಿ ಆರಂಭವಾದರೆ ಪೂರ್ತಿ ಕಣ್ಣೆದುರಿಗಿರುತ್ತದೆ. ಬಲದಲ್ಲಿ ಆರಂಭವಾದರೆ ಓದುಗ ಹಾಳೆ ಮಗುಚಬೇಕು. ಆ ಮಗುಚುವಿಕೆ ಕವಿತೆಯ ನಿಲುಗಡೆಗೆ ಸರಿಹೊಂದಿದರೆ ಅದೊಂದು ಅನುಕೂಲ. ಕವಿತೆ ಮುಗಿಯಿತೆಂದುಕೊಂಡವನಿಗೆ ಆಚೆ ಬದಿಯಲ್ಲಿ ಇನ್ನೂ ಆರು ಸಾಲು ಕಂಡರೆ ಅದು ಪೆಟ್ಟು. ನಡುವೆ ಒಂದು ಪುಟದ ಕವಿತೆ ಒಂಟಿಯಾಗಿ ಬಂದರೆ ಮುಂದಿನದೆಲ್ಲ ಎಡಬಲ ಅದಲುಬದಲು. ಹಾಗಾಗಿ ಒಂಟಿ ಕವಿತೆಗಳು ಜೋಡಿಯಾಗಿ ಎದುರುಬದುರು ಕೂರಬೇಕಾಗುತ್ತದೆ. ಎದುರು ಕೂತ ಮೇಲೆ ಅವು ಮಾತಾಡಿಕೊಳ್ಳಲೇಬೇಕು. ಗಂಡನನ್ನು ಕಳೆದುಕೊಂಡವಳ ಕವಿತೆಯ ಎದುರಿಗೆ ಮೂರು ವರ್ಷದ ಮಗು ಲೆಕ್ಕ ಕಲಿಯುವ ಕವಿತೆ ಇಟ್ಟರೆ ಎರಡರಲ್ಲೂ ಇಲ್ಲದ ಮೂರನೆಯದೊಂದು ಹುಟ್ಟುತ್ತದೆ. ಕೆಲವು ಸಲ ಹುಟ್ಟಬಾರದ ನಗೆಯೂ ಹುಟ್ಟೀತು, ಡಮ್ಮಿಯಲ್ಲೇ ಅದನ್ನು ಹಿಡಿಯಬೇಕು.

ಪಿನ್ನು ಹೊಡೆದ ಪುಸ್ತಕಕ್ಕೆ ಇನ್ನೊಂದು ಗುಣವಿದೆ. ಅದನ್ನು ಮೇಜಿನ ಮೇಲೆ ಬಿಟ್ಟರೆ ತಾನಾಗಿ ತೆರೆದುಕೊಳ್ಳುವುದು ನಡುವಿನಲ್ಲಿ, 24 ಮತ್ತು 25ನೇ ಪುಟದಲ್ಲಿ. ಅಲ್ಲಿ ಎರಡೂ ಪುಟ ಒಂದೇ ಹಾಳೆಯ ಮೇಲೆ ಸೀಳಿಲ್ಲದೆ ಇರುತ್ತವೆ, ಪಿನ್ನಿನ ಕಾಲು ಮಾತ್ರ ಕಾಣುತ್ತದೆ. ಅಂಗಡಿಯಲ್ಲಿ ಸುಮ್ಮನೆ ಎತ್ತಿಕೊಂಡವನು ಮೊದಲ ಕವಿತೆಗಿಂತ ಮುಂಚೆ ಓದುವುದು ಇದನ್ನೇ. ಮುನ್ನುಡಿ, ಸಂದೇಶ, ಶುಭಾಶಯಗಳಿಂದ ಪುಸ್ತಕ ತುಂಬಿಸುವವರು ಈ ಜಾಗವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಇಲ್ಲ. ಅಲ್ಲಿ ಪುಸ್ತಕದ ಅತಿ ಗಟ್ಟಿಯಾದ ಕವಿತೆಯನ್ನು ಇಡಬೇಕೆಂದಲ್ಲ. ಪರಿಚಯವಿಲ್ಲದವನನ್ನು ನಿಲ್ಲಿಸಿ ಮಾತಾಡಿಸಬಲ್ಲ ಕವಿತೆ ಇರಬೇಕು. ಗಟ್ಟಿಯಾದದ್ದು ಎರಡನೆಯದಾಗಿಯೋ ಮೂರನೆಯದಾಗಿಯೋ ಬರಲಿ. ಕೊನೆಯದು ಎಲ್ಲವನ್ನೂ ಕಟ್ಟಿ ಗಂಟು ಹಾಕುವ ಕವಿತೆ ಆಗದಿದ್ದರೆ ಒಳ್ಳೆಯದು.

ಕನ್ನಡದ ಅಕ್ಷರಕ್ಕೆ ಅದರದೇ ಬೇಡಿಕೆಗಳಿವೆ. ಕೆಳಗೆ ಒತ್ತು, ಮೇಲೆ ಗುಡಿಸು. ಸಾಲುಗಳ ನಡುವೆ ಗಾಳಿಯಾಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 12 ಪಾಯಿಂಟಿನ ಅಕ್ಷರಕ್ಕೆ 17 ಅಥವಾ 18 ಪಾಯಿಂಟಿನ ಅಂತರ ಬೇಕು. ಡೆಮಿ 1/8ರಲ್ಲಿ ಅಂಚು ಬಿಟ್ಟು ಉಳಿಯುವ ಅಗಲ ನಾಲ್ಕು ಇಂಚಿನ ಆಸುಪಾಸು. ಸಂಧಿ, ಸಮಾಸ, ಪ್ರತ್ಯಯ ಎಲ್ಲ ಅಂಟಿಕೊಂಡು ಉದ್ದವಾದ ನಮ್ಮ ಪದ ಆ ಅಗಲದಲ್ಲಿ ಹಿಡಿಸದೆ ಇಡಿಯಾಗಿ ಕೆಳಕ್ಕೆ ಜಿಗಿಯುತ್ತದೆ. ಹಾಗೆ ಜಿಗಿದ ಪದವನ್ನು ಒಳಕ್ಕೆ ಸರಿಸಿ ಕೂರಿಸದಿದ್ದರೆ ಕವಿ ಬರೆಯದ ಹೊಸ ಸಾಲೊಂದು ಕವಿತೆಯಲ್ಲಿ ಸೇರಿಕೊಳ್ಳುತ್ತದೆ. ಡಿಟಿಪಿ ಮಾಡುವವರು ಗದ್ಯದ ರೂಢಿಯಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಕಂದಕ ಬೀಳುತ್ತದೆ. ನುಡಿ, ಶ್ರೀಲಿಪಿಯ ಹಳೆಯ ಫೈಲನ್ನು ಯೂನಿಕೋಡಿಗೆ ತಿರುಗಿಸಿದ್ದರಂತೂ ಕರಡು ತಿದ್ದುವವರ ಕಣ್ಣು ಎರಡಲ್ಲ, ನಾಲ್ಕಿರಬೇಕು. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ, ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಕೂತಿರುತ್ತದೆ, ನೋಡಲು ಹೆಚ್ಚುಕಡಿಮೆ ಒಂದೇ. ಗದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗ ತಾನೇ ಸರಿಮಾಡಿಕೊಳ್ಳುತ್ತಾನೆ. ಕವಿತೆಯಲ್ಲಿ ಅದೇನೋ ಹೊಸ ಪ್ರಯೋಗವೆಂದು ಗೌರವದಿಂದ ಮುಂದೆ ಹೋಗುತ್ತಾನೆ.

ಮುನ್ನುಡಿಯ ವಿಚಾರ ಸ್ವಲ್ಪ ಸೂಕ್ಷ್ಮ. ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂದಾಗ ಮುನ್ನುಡಿ ಬರೆದವರು ಬೇಂದ್ರೆ. 1959ರಲ್ಲಿ ‘ಭೂಮಿಗೀತ’ ಬರುವ ಹೊತ್ತಿಗೆ ಅಡಿಗರಿಗೆ ಬೇಕಾದವರಿಂದ ಬರೆಸಬಹುದಾದ ಹೆಸರಿತ್ತು. ಬರೆದದ್ದು ತಮಗಿಂತ 14 ವರ್ಷ ಚಿಕ್ಕವರಾದ ಯು.ಆರ್. ಅನಂತಮೂರ್ತಿ. ಮುನ್ನುಡಿ ಹಿರಿಯರ ಆಶೀರ್ವಾದಪತ್ರವೇ ಆಗಬೇಕೆಂದಿಲ್ಲ, ಹೊಸ ಕಾವ್ಯಕ್ಕೆ ಹೊಸ ಓದುಗನೊಬ್ಬನ ಮಾತೂ ಆಗಬಹುದು ಎಂದು ಅದರಿಂದ ತಿಳಿಯಬಹುದು. ಆದರೆ 48 ಪುಟದ ಪುಸ್ತಕದಲ್ಲಿ ಎಂಟು ಪುಟದ ಮುನ್ನುಡಿ ಎಂದರೆ ಆರರಲ್ಲಿ ಒಂದು ಪಾಲು ಬೇರೆಯವರ ಗದ್ಯ. ಆ ಜಾಗಕ್ಕೆ ನಾಲ್ಕು ಕವಿತೆಗಳು ಹೊರಗೆ ನಿಂತಿರುತ್ತವೆ. ಬೆನ್ನುಡಿಯ ನಾಲ್ಕು ಸಾಲು ಸಾಕು, ಅದೂ ಕವಿಯನ್ನು ಹೊಗಳದೆ ಕವಿತೆಯ ಬಗ್ಗೆ ಇದ್ದರೆ.

ಇನ್ನು ಖರ್ಚು. ಆಫ್‌ಸೆಟ್‌ನಲ್ಲಿ ಪ್ಲೇಟಿನ ವೆಚ್ಚ ಪ್ರತಿ ಹತ್ತಾದರೂ ಸಾವಿರವಾದರೂ ಅಷ್ಟೇ. ಆದ್ದರಿಂದ ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ವಾಸಿ, ಬೇಕಾದಾಗ ಮತ್ತಷ್ಟು ತೆಗೆಸಬಹುದು. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್ಲಿಥೋ ಸಾಕು. ಹಿಂದಿನ ಪುಟದ ಅಕ್ಷರ ಇಣುಕಬಾರದು ಎನ್ನುವವರು 80ಕ್ಕೆ ಹೋಗಲಿ. ಅಂಟು ಬೈಂಡಿಂಗ್ ಬೇಕೆಂದು ಹಟ ಹಿಡಿಯುವವರಿಗೆ ಗೊತ್ತಿರಲಿ: 48 ಪುಟದ ಬೆನ್ನು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು, ಅದರ ಮೇಲೆ ಹೆಸರು ಹಿಡಿಸುವುದಿಲ್ಲ. ಬೆನ್ನಿಲ್ಲದ ಪುಸ್ತಕ ಕಪಾಟಿನಲ್ಲಿ ಕಳೆದುಹೋಗುತ್ತದೆ ಎಂಬ ದೂರು ನಿಜವೇ. ಅದಕ್ಕೇ ಅಂಗಡಿಯವರು ಇದನ್ನು ಕಪಾಟಿಗೆ ಹಾಕದೆ ಗಲ್ಲಾಪೆಟ್ಟಿಗೆಯ ಪಕ್ಕ ಮಲಗಿಸಿಟ್ಟರೆ ಕವಿಗೆ ಲಾಭ. ಐಎಸ್‌ಬಿಎನ್ ಸಂಖ್ಯೆಗೆ ಭಾರತದಲ್ಲಿ ಶುಲ್ಕವಿಲ್ಲ, ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಗೆ ಕವಿಯೇ ಅರ್ಜಿ ಹಾಕಿಕೊಳ್ಳಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮದಲ್ಲಿ ಪುಟಸಂಖ್ಯೆಯ ಮಾತಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ಬಿಡುಗಡೆ ಸಮಾರಂಭಕ್ಕೆ ನಾಲ್ವರು ಅತಿಥಿಗಳು, ಶಾಲು, ಹಾರ, ಪ್ರಾಸ್ತಾವಿಕ ನುಡಿ ಏನೂ ಬೇಕಾಗಿಲ್ಲ. 24 ಕವಿತೆಗಳನ್ನು ಕವಿ ನಿಧಾನವಾಗಿ ಮೊದಲಿಂದ ಕೊನೆಯವರೆಗೆ ಓದಿದರೂ ಒಂದು ಗಂಟೆಯೊಳಗೆ ಮುಗಿಯುತ್ತದೆ. ಇಡೀ ಪುಸ್ತಕವನ್ನು ಒಂದೇ ಕೂರಿಕೆಯಲ್ಲಿ ಕೇಳಿಸುವ ಅವಕಾಶ 120 ಪುಟದವರಿಗೆ ಇಲ್ಲ. ಬಾಗಿಲ ಬಳಿ ಒಂದು ಮೇಜು, ಅದರ ಮೇಲೆ ಪುಸ್ತಕ, ಒಂದು ಕ್ಯೂಆರ್ ಕೋಡು, ಚಿಲ್ಲರೆಯ ಡಬ್ಬಿ. ಗೌರವ ಪ್ರತಿ ಕೇಳಿಕೊಂಡು ಬರುವ ನೆಂಟರಿಷ್ಟರನ್ನು ಆ ಮೇಜಿನ ಕಡೆಗೆ ಕಳಿಸಲು ಸ್ವಲ್ಪ ಗಟ್ಟಿ ಮನಸ್ಸಿನ ಗೆಳೆಯನೊಬ್ಬ ಅಲ್ಲಿ ಕೂತಿದ್ದರೆ ಆಯಿತು.